ಐದು ಸುತ್ತು, ಒಂದೇ ಮಳೆ: ಕರಾವಳಿಯ ರಸಪ್ರಶ್ನೆಗಳ ಹಿಂದಿನ ಕಾರಣಗಳು

ಮಂಗಳೂರು, ಉಡುಪಿ ಕಡೆಯ ರಸಪ್ರಶ್ನೆ ಸ್ಪರ್ಧೆಗಳಲ್ಲಿ ಸಾಮಾನ್ಯ ಜ್ಞಾನವನ್ನು ಆಹಾರ, ಇತಿಹಾಸ, ವಿಜ್ಞಾನ, ಭೂಗೋಳ, ಮನರಂಜನೆ ಎಂದು ಸುತ್ತುಗಳಾಗಿ ಹಂಚುವುದು ರೂಢಿ. ದಕ್ಷಿಣದ ಚಿರಾಪುಂಜಿ ಯಾವುದೆಂದು ಕೇಳಿದರೆ ಆಗುಂಬೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳ ಮೂಲ ಯಾವುದೆಂದರೆ ಗಂಗಾಮೂಲ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆ ಎಲ್ಲಿತ್ತೆಂದರೆ ಜೆಪ್ಪು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ದಿನ ಯಾವುದೆಂದರೆ ಪತ್ತನಾಜೆ. ಉತ್ತರಗಳೆಲ್ಲ ಸರಿಯಾದವೇ, ಅಂಕವೂ ಸಿಗುತ್ತದೆ. ಆದರೆ ಈ ನಾಲ್ಕು ಉತ್ತರಗಳು ನಾಲ್ಕು ಬೇರೆ ಬೇರೆ ಸುತ್ತುಗಳಿಗೆ ಸೇರಿದವೆಂದು ಭಾವಿಸಿದಾಗ ಅವುಗಳ ನಡುವಿನ ನಂಟು ಕಣ್ಣಿಗೆ ಬೀಳುವುದಿಲ್ಲ. ಕರಾವಳಿಯ ಮಟ್ಟಿಗೆ ಹೇಳುವುದಾದರೆ, ಇಂತಹ ಪ್ರಶ್ನೆಗಳಲ್ಲಿ ಬಹುಪಾಲಿನ ಬೇರು ಒಂದೇ ಕಡೆ ಇದೆ: ಕಡಲಿಗೆ ಹತ್ತಿರವಾಗಿ ಗೋಡೆಯಂತೆ ಎದ್ದು ನಿಂತಿರುವ ಘಟ್ಟ, ಮತ್ತು ಆ ಘಟ್ಟ ತಡೆದು ಇಳಿಸುವ ಮಳೆ.

ಘಟ್ಟ ಕಡಲಿಗೆ ಇಷ್ಟು ಹತ್ತಿರ ಏಕಿದೆ ಎಂಬುದಕ್ಕೆ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಒಂದು ಸುಳಿವು ಸಿಗುತ್ತದೆ. ಅಲ್ಲಿನ ಕಂಬಗಳಂತಹ ಬಂಡೆಗಳನ್ನು ನೋಡಿದವರು ಯಾರೋ ಕೆತ್ತಿ ನಿಲ್ಲಿಸಿದ್ದಾರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಕುದಿಯುವ ಶಿಲಾಪಾಕ ನೆಲದ ಮೇಲೆ ಹರಡಿ ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಮೇಲ್ಮೈ ಬಿರಿಯುತ್ತದೆ. ಬತ್ತಿದ ಕೆರೆಯ ಕೆಸರು ಬಿಸಿಲಿಗೆ ಬಿರಿದು ತುಂಡು ತುಂಡಾಗುವುದೂ ಇದೇ ಬಗೆಯಲ್ಲಿ. ಮೂರು ಬಿರುಕುಗಳು ಸುಮಾರು 120 ಡಿಗ್ರಿ ಕೋನದಲ್ಲಿ ಸಂಧಿಸಿದಾಗ ಎಳೆತ ಎಲ್ಲ ದಿಕ್ಕಿಗೂ ಸಮನಾಗಿ ಸಡಿಲಗೊಳ್ಳುವುದರಿಂದ ಆರು ಮೂಲೆಯ ಆಕಾರ ಹೆಚ್ಚಾಗಿ ಕಾಣಿಸುತ್ತದೆ. ಒಳಗಿನ ಶಿಲೆ ತಣಿದಂತೆಲ್ಲ ಬಿರುಕು ಕೆಳಕ್ಕೆ ಇಳಿದು ಕಂಬವಾಗುತ್ತದೆ. ಎಲ್ಲ ಕಂಬಗಳೂ ಷಟ್ಕೋನವೆಂದು ಬರೆಯುವುದು ಸರಿಯಲ್ಲ. ಐದು, ಏಳು ಮೂಲೆಯವೂ ಅಲ್ಲಿ ಇವೆ.

ಈ ಬಂಡೆಗಳ ಬಗ್ಗೆ ಇನ್ನೊಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಕಂಬಗಳನ್ನು ಕಂಡ ಕೂಡಲೇ ಅವನ್ನು ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ದಖ್ಖನ್ ಲಾವಾ ಪದರಕ್ಕೆ ಸೇರಿಸಿಬಿಡುವವರಿದ್ದಾರೆ. ದಖ್ಖನ್ ಲಾವಾದ ವಯಸ್ಸು ಸುಮಾರು 6.6 ಕೋಟಿ ವರ್ಷ. ಮಲ್ಪೆಯ ದ್ವೀಪದ ಶಿಲೆಗಳು ಅದಕ್ಕಿಂತ ಎಷ್ಟೋ ಹಳೆಯವು. ಅವುಗಳ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷಗಳ ನಡುವೆ ಬರುತ್ತದೆ. ಅವುಗಳಲ್ಲಿ ಸಿಲಿಕಾ ಅಂಶವೂ ಸಾಮಾನ್ಯ ಬಸಾಲ್ಟ್‌ಗಿಂತ ಹೆಚ್ಚು. ಇಂಡಿಯಾ ಮತ್ತು ಮಡಗಾಸ್ಕರ್ ಒಂದೇ ಭೂಖಂಡವಾಗಿದ್ದು ಬೇರೆಯಾದ ಕಾಲವೂ ಅದೇ. ಎಂದರೆ ಮಲ್ಪೆಯ ಕಂಬಗಳು ಆ ಒಡಕಿನ ಹೊತ್ತಿನಲ್ಲಿ ಉಕ್ಕಿದ ಶಿಲಾಪಾಕದ ಉಳಿಕೆ. ವಾಸ್ಕೋ ಡ ಗಾಮ 1498ರಲ್ಲಿ ಈ ದ್ವೀಪದಲ್ಲಿ ಇಳಿದನೆಂಬ ಪ್ರತೀತಿಯನ್ನು ಪ್ರವಾಸಿಗರಿಗೆ ಎಲ್ಲರೂ ಹೇಳುತ್ತಾರೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮಡಗಾಸ್ಕರ್‌ನ ಕಥೆಯೇ ದೊಡ್ಡದು.

ಭೂಖಂಡ ಹೀಗೆ ಸೀಳಿಕೊಂಡಾಗ ಸೀಳಿನ ಅಂಚು ಮೇಲಕ್ಕೆದ್ದು ನಿಲ್ಲುತ್ತದೆ. ಪಶ್ಚಿಮ ಘಟ್ಟ ಹಿಮಾಲಯದಂತೆ ಎರಡು ಭೂಭಾಗಗಳು ಡಿಕ್ಕಿಯಾಗಿ ಮಡಿಸಿಕೊಂಡ ಪರ್ವತವಲ್ಲ. ಅದು ಒಂದು ಪ್ರಸ್ಥಭೂಮಿಯ ಒಡೆದ ಅಂಚು. ಆದ್ದರಿಂದಲೇ ಕರಾವಳಿಯಿಂದ ನೋಡಿದವರಿಗೆ ಅದು ಕಡಿದಾದ ಬೆಟ್ಟದ ಸಾಲಾಗಿ ಕಾಣುತ್ತದೆ, ಘಟ್ಟದ ಮೇಲಿನಿಂದ ಪೂರ್ವಕ್ಕೆ ಹೋಗುವವರಿಗೆ ಇಳಿಜಾರು ಗೊತ್ತೇ ಆಗದಷ್ಟು ಸೌಮ್ಯವಾಗಿರುತ್ತದೆ. ಸೀಳು ಮೂಡಿದ ಮೇಲೆ ಕೋಟ್ಯಂತರ ವರ್ಷ ಮಳೆ ಮತ್ತು ತೊರೆಗಳು ಈ ಅಂಚನ್ನು ಕೊರೆಯುತ್ತ ಪೂರ್ವಕ್ಕೆ ಸರಿಸಿವೆ. ಕಡಲಿಗೂ ಘಟ್ಟಕ್ಕೂ ನಡುವೆ ಇಂದು ನಾವು ಬದುಕುತ್ತಿರುವ ಪಟ್ಟಿ ಹಾಗೆ ತೆರವಾದ ನೆಲ.

ಆಗುಂಬೆಯ ಸ್ಪರ್ಧಿಗಳು

ಜೂನ್ ಮೊದಲ ವಾರದಲ್ಲಿ ಅರಬ್ಬಿ ಸಮುದ್ರದ ಮೇಲಿನಿಂದ ಬರುವ ಗಾಳಿಯಲ್ಲಿ ನೀರಾವಿ ತುಂಬಿರುತ್ತದೆ. ಎದುರಿಗೆ ಘಟ್ಟ ಅಡ್ಡ ಬಂದಾಗ ಆ ಗಾಳಿ ಮೇಲೇರಬೇಕಾಗುತ್ತದೆ. ಮೇಲೆ ಒತ್ತಡ ಕಡಿಮೆಯಿರುವುದರಿಂದ ಗಾಳಿ ಹಿಗ್ಗುತ್ತದೆ, ಹಿಗ್ಗಿದಾಗ ತಣಿಯುತ್ತದೆ. ಮೋಡ ಕಟ್ಟುವುದಕ್ಕೆ ಮುಂಚೆ ಪ್ರತಿ ಕಿಲೋಮೀಟರ್ ಎತ್ತರಕ್ಕೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ತಣಿಯುವ ಗಾಳಿ, ಆವಿ ಹನಿಯಾಗತೊಡಗಿದ ಮೇಲೆ ಅದರ ಅರ್ಧದಷ್ಟೇ ತಣಿಯುತ್ತದೆ; ಏಕೆಂದರೆ ಆವಿ ನೀರಾಗುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖವೇ ಗಾಳಿಯನ್ನು ಮತ್ತಷ್ಟು ಮೇಲಕ್ಕೆ ತಳ್ಳಲು ಸಹಾಯ ಮಾಡುತ್ತದೆ. ಘಟ್ಟದ ಪಶ್ಚಿಮದ ಏರಿನಲ್ಲಿ, ನೆತ್ತಿಗೆ ಸಮೀಪ, ಅತಿ ಹೆಚ್ಚು ಮಳೆ ಬೀಳುವುದು ಈ ಕಾರಣಕ್ಕೆ.

ಉಡುಪಿಯಿಂದ ಹೆಬ್ರಿ ದಾಟಿ ಸುಮಾರು 55 ಕಿಲೋಮೀಟರ್ ಹೋದರೆ ಸಿಗುವ ಆಗುಂಬೆ ನಿಂತಿರುವುದು ಸರಿಯಾಗಿ ಈ ಜಾಗದಲ್ಲಿ, ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆಯಾದರೆ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ. ನೆತ್ತಿ ದಾಟಿದ ಗಾಳಿ ಕೆಳಕ್ಕಿಳಿಯುತ್ತ ಬಿಸಿಯಾಗುವುದರಿಂದ ಉಳಿದ ಮೋಡವೂ ಕರಗುತ್ತದೆ. ಚಿತ್ರದುರ್ಗ ತಲುಪುವಷ್ಟರಲ್ಲಿ ವಾರ್ಷಿಕ ಮಳೆ 600 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಆಗುಂಬೆ ಇರುವುದು ಶಿವಮೊಗ್ಗ ಜಿಲ್ಲೆಯಲ್ಲಿ ಎಂಬುದನ್ನು ಕರಾವಳಿಯವರು ಆಗಾಗ ಮರೆಯುತ್ತಾರೆ. ಕರ್ನಾಟಕದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಅದೊಂದೇ ಎಂದು ಕಣ್ಣು ಮುಚ್ಚಿ ಹೇಳುವ ಹಾಗೂ ಇಲ್ಲ: ಬೆಳಗಾವಿ ಜಿಲ್ಲೆಯ ಆಮಗಾಂವ್, ಶಿವಮೊಗ್ಗದ್ದೇ ಆದ ಹುಲಿಕಲ್ ಕೆಲವು ವರ್ಷಗಳಲ್ಲಿ ಅದನ್ನು ಮೀರಿಸಿವೆ.

ಗಂಗಾಮೂಲದ ಪ್ರಶ್ನೆಗೂ ಉತ್ತರ ಇದೇ ಒಡೆದ ಅಂಚಿನಲ್ಲಿದೆ. ಕುದುರೆಮುಖ ಸೀಮೆಯ ಒಂದೇ ಬೆಟ್ಟದಲ್ಲಿ ಹುಟ್ಟುವ ಮೂರು ನದಿಗಳ ಪೈಕಿ ನೇತ್ರಾವತಿ ಪಶ್ಚಿಮಕ್ಕೆ ಧುಮುಕಿ, ಬಂಟ್ವಾಳದ ಮೇಲೆ ಹರಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ತುಂಗಾ ಮತ್ತು ಭದ್ರಾ ಪೂರ್ವಕ್ಕೆ ಹೊರಳಿ ಕೂಡಲಿಯಲ್ಲಿ ಒಂದಾಗಿ, ಕೃಷ್ಣೆಯನ್ನು ಸೇರಿ, ಇಡೀ ಪರ್ಯಾಯದ್ವೀಪವನ್ನು ಹಾದು ಬಂಗಾಳ ಕೊಲ್ಲಿ ತಲುಪುತ್ತವೆ. ಪಶ್ಚಿಮದ ಕಡಲಿನಿಂದ ನೂರು ಕಿಲೋಮೀಟರ್ ದೂರವೂ ಇಲ್ಲದ ಜಾಗದಲ್ಲಿ ಬಿದ್ದ ನೀರು ಇಷ್ಟು ದೂರದ ಕಡಲನ್ನು ಹುಡುಕಿಕೊಂಡು ಹೋಗುವುದು ವಿಚಿತ್ರವೆನಿಸಬಹುದು. ಪ್ರಸ್ಥಭೂಮಿಯೇ ಪೂರ್ವಕ್ಕೆ ವಾಲಿರುವಾಗ ಬೇರೆ ದಾರಿಯಿಲ್ಲ.

ಪಶ್ಚಿಮಕ್ಕೆ ಹರಿಯುವ ನಮ್ಮ ನದಿಗಳು ಗಿಡ್ಡ, ಕಡಿದು ಮತ್ತು ಅವಸರದವು. ಹೊತ್ತು ತಂದ ಮಣ್ಣನ್ನು ಹರವಿ ಕೃಷ್ಣಾ, ಗೋದಾವರಿಗಳಂತೆ ಮುಖಜಭೂಮಿ ಕಟ್ಟುವ ಬದಲು ಅವು ಅಳಿವೆಗಳನ್ನು ಉಂಟುಮಾಡುತ್ತವೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಟ್ಟಾಗಿ ಕಡಲು ಸೇರುವಲ್ಲಿ ಅಲೆ ಮರಳನ್ನು ಮತ್ತೆ ದಡಕ್ಕೆ ತಳ್ಳಿ ಬೆಂಗ್ರೆಯಂತಹ ಉದ್ದನೆಯ ಮರಳುದಿಣ್ಣೆಯನ್ನು ನಿಲ್ಲಿಸಿದೆ. ಅಳಿವೆಬಾಗಿಲಿನಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಒಳಗೆ ಬರಲಾಗದ ಕಾರಣದಿಂದಲೇ ಮಂಗಳೂರಿಗೆ ಪಣಂಬೂರಿನಲ್ಲಿ ನೆಲವನ್ನು ಅಗೆದು ಇನ್ನೊಂದು ಬಂದರು ಕಟ್ಟಬೇಕಾಯಿತು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು.

ಕೆಂಪು ಕಲ್ಲು, ಕೆಂಪು ಮಾಡು

ವರ್ಷದ ಮಳೆಯ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು, ಉಳಿದ ತಿಂಗಳು ನೆಲ ಸುಡುವ ಈ ಏರುಪೇರಿನಿಂದ ಹುಟ್ಟಿದ ವಸ್ತು ಮುರಕಲ್ಲು. ಮಳೆಗಾಲದಲ್ಲಿ ಕೆಳಕ್ಕಿಳಿಯುವ ನೀರು ಶಿಲೆಯಲ್ಲಿನ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಿಲಿಕಾಗಳನ್ನು ಕರಗಿಸಿ ಕೊಂಡೊಯ್ಯುತ್ತದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ಅಲ್ಲೇ ಉಳಿಯುತ್ತವೆ. ಬೇಸಿಗೆಯಲ್ಲಿ ಅವು ಗಟ್ಟಿಗೊಳ್ಳುತ್ತವೆ. ಲಕ್ಷಾಂತರ ವರ್ಷ ಹೀಗೆ ನಡೆದರೆ ತೂತು ತೂತಾದ ಕೆಂಪು ಕಲ್ಲಿನ ಹೊದಿಕೆ ಸಿದ್ಧವಾಗುತ್ತದೆ. ನೆಲದಲ್ಲಿರುವಾಗ ಅದನ್ನು ಕೊಡಲಿಯಂತಹ ಉಳಿಯಿಂದ ಕತ್ತರಿಸಬಹುದು, ಹೊರಗೆ ತೆಗೆದು ಗಾಳಿ ಬಿಸಿಲಿಗೆ ಒಡ್ಡಿದರೆ ಇನ್ನಷ್ಟು ಬಿಗಿಯಾಗುತ್ತದೆ. ಬ್ರಿಟಿಷ್ ಅಧಿಕಾರಿ ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಮೇಲೆ 1807ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟನು, ಭೂವಿಜ್ಞಾನ ಇಂದಿಗೂ ಅದನ್ನೇ ಬಳಸುತ್ತದೆ.

ಸತ್ವವೆಲ್ಲ ಕೊಚ್ಚಿಹೋದ ಈ ನೆಲ ಬೇಸಾಯಕ್ಕೆ ಅಷ್ಟೇನೂ ಒದಗುವುದಿಲ್ಲ. ಭತ್ತವೆಲ್ಲ ಗುಡ್ಡೆಗಳ ನಡುವಿನ ಬೈಲುಗಳಿಗೆ ಸೀಮಿತವಾಗಿರುವುದು, ಗುಡ್ಡೆಯ ಮೇಲೆ ಗೇರು ಮಾತ್ರ ಒಗ್ಗಿಕೊಂಡಿರುವುದು ಅದರಿಂದಲೇ. 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೀರಿಗೆ ಪರದಾಡುವುದೇಕೆ ಎಂಬ ಪ್ರಶ್ನೆಗೂ ಉತ್ತರದ ಒಂದು ಭಾಗ ಇಲ್ಲಿದೆ: ತೂತುಗಳ ಕಲ್ಲು ನೀರನ್ನು ಬೇಗ ಹೀರುತ್ತದೆ, ಇಳಿಜಾರಿನ ನೆಲ ಅದನ್ನು ಅಷ್ಟೇ ಬೇಗ ಹೊಳೆಗೆ ಬಿಟ್ಟುಕೊಡುತ್ತದೆ. ಮಂಗಳೂರು ನಗರಕ್ಕೆ ನೀರು ಕೊಡಲು ತುಂಬೆಯಲ್ಲಿ ನೇತ್ರಾವತಿಗೆ ಕಿಂಡಿ ಅಣೆಕಟ್ಟು ಹಾಕಿರುವುದು ಈ ಅವಸರವನ್ನು ತಡೆಯುವುದಕ್ಕೆ.

ಆದರೆ ಇದೇ ಕಲ್ಲು ನೀರು ಪಡೆಯುವ ಒಂದು ಅಪೂರ್ವ ವಿಧಾನಕ್ಕೂ ಅವಕಾಶ ಕೊಟ್ಟಿದೆ. ಮುರಕಲ್ಲಿನ ಕೆಳಗಿನ ಜೇಡಿ ಪದರದ ಮೇಲೆ ಇಂಗಿದ ನೀರು ನಿಂತಿರುತ್ತದೆ. ಗುಡ್ಡೆಯ ಪಕ್ಕದಿಂದ ಅಡ್ಡಲಾಗಿ, ಒಬ್ಬ ಮನುಷ್ಯ ಮಾತ್ರ ಹೋಗುವಷ್ಟು ಅಗಲಕ್ಕೆ ಸುರಂಗ ಕೊರೆದರೆ ಆ ನೀರು ಪಂಪಿನ ಹಂಗಿಲ್ಲದೆ, ಬರಿಯ ಇಳಿಜಾರಿನಿಂದ ಹೊರಗೆ ಹರಿದುಬರುತ್ತದೆ. ಕಾಸರಗೋಡು ಮತ್ತು ಬಂಟ್ವಾಳ ಕಡೆಯ ಗುಡ್ಡೆಗಳಲ್ಲಿ ಇಂತಹ ಸುರಂಗಗಳು ಈಗಲೂ ಮನೆ ತೋಟಗಳಿಗೆ ನೀರುಣಿಸುತ್ತಿವೆ. ಅಡ್ಯನಡ್ಕದ ಹತ್ತಿರ ಬೋಳುಗುಡ್ಡೆಯೊಂದನ್ನು ಒಬ್ಬರೇ ಕೊರೆದು ತೋಟ ಮಾಡಿದ ಮಹಾಲಿಂಗ ನಾಯ್ಕರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು. ಗಟ್ಟಿ ಬಂಡೆಯಲ್ಲಿ ಈ ಕೆಲಸ ಆಗದು, ಸಡಿಲ ಮಣ್ಣಿನಲ್ಲಿ ಮಾಡು, ಅಂದರೆ ಚಾವಣಿ, ಕುಸಿಯುತ್ತದೆ. ಕೈಯಿಂದ ಕೊರೆಯುವಷ್ಟು ಮೆತ್ತಗೆ, ಆಧಾರವಿಲ್ಲದೆ ನಿಲ್ಲುವಷ್ಟು ಬಿಗಿಯಾಗಿ ಇರುವುದು ಮುರಕಲ್ಲು ಮಾತ್ರ.

ಗೋಡೆಗೆ ಮುರಕಲ್ಲು ಸಿಕ್ಕಿತು, ಮಾಡಿಗೆ ಏನು? ಹಿಂದೆ ಬಹುಪಾಲು ಮನೆಗಳಿಗೆ ಮುಳಿ ಹುಲ್ಲಿನ ಮಾಡಿದ್ದು, ಮಳೆಗೆ ಮುಂಚೆ ಪ್ರತಿ ವರ್ಷ ಹೊದೆಸಬೇಕಾಗಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿ ಮುದ್ರಣ, ನೇಯ್ಗೆ, ಹೆಂಚು ಈ ಮೂರು ಉದ್ಯಮಗಳನ್ನು ಬೆಳೆಸಿತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂದದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಷನ್ನಿನಿಂದ. ಮತಾಂತರಗೊಂಡವರು ತಮ್ಮ ಹಿಂದಿನ ಜಾತಿ ಮತ್ತು ಕಸುಬುಗಳ ಆಸರೆ ಕಳೆದುಕೊಳ್ಳುತ್ತಿದ್ದುದರಿಂದ ಅವರಿಗೆ ಕೆಲಸ ಒದಗಿಸುವುದು ಮಿಷನ್ನಿಗೆ ಅನಿವಾರ್ಯವಾಗಿತ್ತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಾಗ ಬೇಕಾದುದೆಲ್ಲ ಕೈಯಳತೆಯಲ್ಲಿಯೇ ಇತ್ತು: ಘಟ್ಟದಿಂದ ನದಿಗಳು ತಂದು ದಡದಲ್ಲಿ ಬಿಟ್ಟ ನಯವಾದ ಆವೆಮಣ್ಣು, ಅದನ್ನು ಸಾಗಿಸಲು ದೋಣಿ, ಸುಡಲು ಸೌದೆ, ಮಾರಲು ಬಂದರು. ಅಂಚಿನಲ್ಲಿ ಏಣು ಮತ್ತು ಕುಳಿಗಳಿದ್ದು ಒಂದು ಹೆಂಚು ಇನ್ನೊಂದನ್ನು ಕಚ್ಚಿ ಹಿಡಿಯುವುದರಿಂದ ಇಳಿಜಾರು ಮಾಡಿನಲ್ಲಿ ನೀರು ಹಿಮ್ಮುಖವಾಗಿ ನುಗ್ಗುವುದಿಲ್ಲ, ಹಳೆಯ ಕೈಹೆಂಚಿನಂತೆ ಪದರ ಪದರವಾಗಿ ಹೊದೆಸಬೇಕಾಗಿಯೂ ಇಲ್ಲ. ಸುಟ್ಟ ಹೆಂಚಿನ ಕೆಂಪಿಗೆ ಕಾರಣ ಮುರಕಲ್ಲಿನ ಕೆಂಪಿಗೂ ಕಾರಣವಾದ ಕಬ್ಬಿಣದ ಆಕ್ಸೈಡ್. ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾಗಳವರೆಗೆ ಹೋದ ಈ ಹೆಂಚಿನ ಉದ್ಯಮ ಕಾಂಕ್ರೀಟು ಮಾಡುಗಳು ಬಂದ ಮೇಲೆ ಸೊರಗಿತು.

ಒದ್ದೆ ಗಾಳಿಯ ಕಾಫಿ

ಆಹಾರದ ಸುತ್ತಿನಲ್ಲಿ ಮಂಗಳೂರಿಗೆ ಸಂಬಂಧಿಸಿದ ಅತ್ಯಂತ ಸ್ವಾರಸ್ಯದ ಪ್ರಶ್ನೆ, ನನ್ನ ಮಟ್ಟಿಗೆ, ಬನ್ಸ್ ಅಥವಾ ಗೋಳಿಬಜೆಯದ್ದಲ್ಲ, ಕಾಫಿಯದ್ದು. ಕೊಡಗು, ಚಿಕ್ಕಮಗಳೂರಿನ ಕಾಫಿ ಹಿಂದಿನಿಂದಲೂ ಘಟ್ಟ ಇಳಿದು ಮಂಗಳೂರಿನಲ್ಲಿ ಸಂಸ್ಕರಣೆಗೊಂಡು ಹಡಗು ಹತ್ತುತ್ತಿತ್ತು. ಹಾಯಿಹಡಗುಗಳ ಕಾಲದಲ್ಲಿ ಅದು ಆಫ್ರಿಕಾವನ್ನು ಬಳಸಿಕೊಂಡು ಯುರೋಪು ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದು, ಮರದ ಹಡಗಿನ ಹೊಟ್ಟೆಯಲ್ಲಿ ಕಡಲಿನ ಒದ್ದೆ ಗಾಳಿ ಕುಡಿದ ಬೀಜಗಳು ಊದಿಕೊಂಡು, ಹಸಿರು ಬಣ್ಣ ಕಳೆದುಕೊಂಡು, ಮಾಸಲು ಹಳದಿಗೆ ತಿರುಗುತ್ತಿದ್ದವು. ವ್ಯಾಪಾರದ ದೃಷ್ಟಿಯಿಂದ ಅದು ಕೆಟ್ಟ ಸರಕು. ಕುಡಿಯುವವರಿಗೆ ಮಾತ್ರ ಅದರ ರುಚಿಯೇ ಹಿಡಿಸಿತು: ಹುಳಿ ತಗ್ಗಿ, ಗಾಢವಾದ, ಮೆದುವಾದ ಕಾಫಿ.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು. ಪ್ರಯಾಣದ ಅವಧಿ ಕುಗ್ಗಿ, ಕಾಫಿ ಹಸಿರಾಗಿಯೇ ತಲುಪತೊಡಗಿತು. ಹಳೆಯ ರುಚಿಗೆ ಒಗ್ಗಿದ್ದ ಯುರೋಪಿನ ಕೆಲವು ಗಿರಾಕಿಗಳಿಗೆ ಅದು ಸಪ್ಪೆಯೆನಿಸಿತು. ಕಡಲಿನ ಮೇಲೆ ಆಗುತ್ತಿದ್ದುದನ್ನು ನೆಲದ ಮೇಲೆ ಮಾಡಿದರೇನು ಎಂಬ ಯೋಚನೆ ಪಶ್ಚಿಮ ಕರಾವಳಿಯಲ್ಲಿ ಹುಟ್ಟಿದ್ದು ಆ ಬೇಡಿಕೆಯಿಂದ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಪಕ್ಕಗಳು ತೆರೆದಿರುವ ಗೋದಾಮುಗಳಲ್ಲಿ ಒಣಗಿದ ಕಾಫಿ ಬೀಜವನ್ನು ಹರಡುತ್ತಾರೆ. ಮಳೆ ತಾಗಬಾರದು, ಮಳೆಗಾಳಿ ತಾಗಬೇಕು. ಆಗಾಗ ಕುಂಟೆಯಿಂದ ತಿರುವುತ್ತಾರೆ, ಬಳಿಕ ಸಡಿಲವಾಗಿ ಚೀಲಗಳಲ್ಲಿ ತುಂಬಿ ನಡುವೆ ಗಾಳಿಯಾಡಲು ಜಾಗ ಬಿಟ್ಟು ಪೇರಿಸುತ್ತಾರೆ, ಮತ್ತೆ ಸುರಿದು ಬೇರೆ ಚೀಲಗಳಿಗೆ ತುಂಬುತ್ತಾರೆ. ಸುಮಾರು 12ರಿಂದ 16 ವಾರಗಳಲ್ಲಿ ಬೀಜ ತೇವ ಹೀರಿ ದಪ್ಪವಾಗಿ ಬಂಗಾರದ ಬಣ್ಣ ಪಡೆಯುತ್ತದೆ. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಪಡೆದಿರುವ ಈ ಕಾಫಿ ಸಿದ್ಧವಾಗುವ ಮುಖ್ಯ ಸ್ಥಳಗಳಲ್ಲಿ ಮಂಗಳೂರೂ ಒಂದು. ಸ್ವಲ್ಪ ಅಲಕ್ಷ್ಯವಾದರೆ ಬೂಷ್ಟು ಹಿಡಿದು ಎಲ್ಲವೂ ಹಾಳು. ಯಂತ್ರದಿಂದ ತೇವದ ಗಾಳಿ ಊದಿ ಇದನ್ನು ಬೇರೆ ಎಲ್ಲಿಯಾದರೂ ಮಾಡಲಾಗದೇ ಎಂದು ಕೇಳಬಹುದು. ತಾತ್ವಿಕವಾಗಿ ಆಗಬಹುದು, ಆದರೆ ನಾಲ್ಕು ತಿಂಗಳ ತೇವ ಬಿಟ್ಟಿಯಾಗಿ ಸಿಗುವ ಜಾಗದೊಂದಿಗೆ ಪೈಪೋಟಿ ನಡೆಸುವುದು ಕಷ್ಟ.

ಮನೆಯ ಅಡುಗೆಯಲ್ಲಿಯೂ ಮಳೆಯ ಲೆಕ್ಕಾಚಾರವಿದೆ. ತುಳುನಾಡಿನ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿದ್ದು, ಮಳೆ ನಂಬಿದ ಏಣೆಲು ಎಲ್ಲಕ್ಕೂ ದೊಡ್ಡದು. ಭತ್ತವನ್ನು ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡಿದಾಗ ತೌಡಿನ ಪದರದಲ್ಲಿರುವ ಬಿ1 ಜೀವಸತ್ವ ನೀರಿನೊಂದಿಗೆ ಕಾಳಿನ ಒಳಕ್ಕೆ ಇಳಿಯುತ್ತದೆ, ಪಿಷ್ಟ ಅಂಟುಗಟ್ಟಿ ಕಾಳಿನ ಬಿರುಕುಗಳು ಮುಚ್ಚಿಹೋಗುತ್ತವೆ. ಮಿಲ್ಲಿಗೆ ಹಾಕಿದಾಗ ನುಚ್ಚು ಕಡಿಮೆ, ಪಾಲಿಶ್ ಆದರೂ ಜೀವಸತ್ವ ಅಷ್ಟಾಗಿ ನಷ್ಟವಾಗದು. ಹಾಗೆ ಬೇಯಿಸದ ಬೆಳ್ತಿಗೆ ಅಕ್ಕಿಯನ್ನೇ ಪಾಲಿಶ್ ಮಾಡಿ ತಿನ್ನುತ್ತಿದ್ದ ಪೂರ್ವ ಏಷ್ಯಾದ ನಾಡುಗಳಲ್ಲಿ ಬೆರಿಬೆರಿ ರೋಗ ಹಬ್ಬಿದ್ದು ಇದೇ ಜೀವಸತ್ವದ ಕೊರತೆಯಿಂದ.

ಆಟಿ ತಿಂಗಳು, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹೊರಗೆ ದುಡಿಮೆಯಿಲ್ಲ, ತರಕಾರಿಯಿಲ್ಲ, ಮೀನೂ ಇಲ್ಲ. ಮಾಡಿನ ಅಡ್ಡಕ್ಕೆ ಕಟ್ಟಿ ತೂಗಿಸಿದ ಸೌತೆಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು ಇವುಗಳ ಜೊತೆಗೆ ತಾನಾಗಿ ಹುಟ್ಟುವ ಸೊಪ್ಪು ಮೊಳಕೆಗಳನ್ನೇ ನಂಬಬೇಕಿತ್ತು. ಹಾಗೆ ಹುಟ್ಟುವ ಅನೇಕವು ಹಾಗೆಯೇ ತಿನ್ನಲು ಯೋಗ್ಯವಲ್ಲ. ಪತ್ರೊಡೆಯ ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂತಹ ಹರಳುಗಳಿದ್ದು ಅವು ಗಂಟಲಿಗೆ ಚುಚ್ಚುತ್ತವೆ. ಹುಣಸೆಹುಳಿ ಸೇರಿಸಿ ಹಬೆಯಲ್ಲಿ ದೀರ್ಘಕಾಲ ಬೇಯಿಸಿದರೆ ತುರಿಕೆ ತಗ್ಗುತ್ತದೆ ಎಂಬುದು ತಲೆಮಾರುಗಳ ಅನುಭವ. ಎಳೆ ಬಿದಿರಿನ ಕಣಿಲೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತವಿದೆ. ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಚೆನ್ನಾಗಿ ಕುದಿಸುವುದು ಆ ವಿಷವನ್ನು ಹೊರಹಾಕುವ ಕ್ರಮ. ಆಟಿ ಅಮಾವಾಸ್ಯೆಯ ಮುಂಜಾನೆ ಕುಡಿಯುವ ಹಾಲೆಮರದ ಕಷಾಯದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ: ಕತ್ತಲಲ್ಲಿ ಬೇರೆ ಮರದ ತೊಗಟೆ ತಂದರೆ ಪ್ರಾಣಕ್ಕೇ ಸಂಚಕಾರ. ಮರದ ಪರಿಚಯವಿಲ್ಲದವರು ಈ ಸಾಹಸಕ್ಕೆ ಇಳಿಯದಿರುವುದು ಲೇಸು.

ಮೀನು ಏಕಿಲ್ಲ? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದು, ಮಲ್ಪೆ ಮತ್ತು ಮಂಗಳೂರು ಧಕ್ಕೆಗಳಲ್ಲಿ ದೋಣಿಗಳು ಲಂಗರು ಹಾಕಿರುತ್ತವೆ. ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಕಡಲಿನ ಅಬ್ಬರ ಒಂದು ಕಾರಣವಾದರೆ ಇನ್ನೊಂದು ನೀರಿನೊಳಗಿದೆ. ಮಳೆಗಾಲದ ಗಾಳಿ ಮತ್ತು ಪ್ರವಾಹಗಳು ಕರಾವಳಿಯ ಮೇಲುನೀರನ್ನು ಸರಿಸಿದಾಗ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಬೆಳಕು ಮತ್ತು ಗೊಬ್ಬರ ಒಟ್ಟಿಗೆ ಸಿಕ್ಕಿದಾಗ ಸೂಕ್ಷ್ಮ ಸಸ್ಯಗಳು ಅಪಾರವಾಗಿ ಬೆಳೆಯುತ್ತವೆ, ಅವುಗಳನ್ನು ಮೇಯುವ ಬೂತಾಯಿ ಮೀನು ಮೊಟ್ಟೆಯಿಡುವುದೂ ಕೊಬ್ಬುವುದೂ ಈ ಹೊತ್ತಿನಲ್ಲಿ. ಮಳೆ ನಿಂತ ಮೇಲೆ ಸಿಗುವ ಬೂತಾಯಿಯಲ್ಲಿ ಎಣ್ಣೆ ಹೆಚ್ಚು, ರುಚಿಯೂ ಹೆಚ್ಚು. ನೂಲು ಹುಣ್ಣಿಮೆಯಂದು ಮೀನುಗಾರ ಸಮುದಾಯದ ಮೊಗವೀರರು ಕಡಲಿಗೆ ಹಾಲೆರೆದು ಸಮುದ್ರಪೂಜೆ ಮಾಡುವುದು ಕಡಲು ಇಳಿದು, ಮೀನು ಬೆಳೆದು, ಮತ್ತೆ ಬಲೆ ಬೀಸುವ ಕಾಲಕ್ಕೆ ಸರಿಯಾಗಿ ಬರುತ್ತದೆ.

ಅಡುಗೆಯ ಎಲ್ಲವೂ ಇಲ್ಲಿಯ ಮಣ್ಣಿನದ್ದೇ ಎಂಬ ಹೆಮ್ಮೆಗೆ ಸ್ವಲ್ಪ ಕಡಿವಾಣ ಬೇಕು. ಮೆಣಸಿನಕಾಯಿ, ಗೇರು, ಅನಾನಸು, ಪಪ್ಪಾಯಿ ಅಮೆರಿಕ ಖಂಡಗಳಿಂದ ಪೋರ್ಚುಗೀಸರ ಕಾಲದಲ್ಲಿ ಬಂದವು. ಕೋರಿ ರೊಟ್ಟಿಯ ಕೆಂಪು ಗಸಿ ಹದಿನಾರನೆಯ ಶತಮಾನಕ್ಕೆ ಮೊದಲು ಇರಲು ಸಾಧ್ಯವೇ ಇರಲಿಲ್ಲ. ಅಂದಿನ ಖಾರ ಕರಿಮೆಣಸಿನದ್ದು.

ಗಾಳಿ ತಂದ ವ್ಯಾಪಾರಿಗಳು

ಕರಿಮೆಣಸನ್ನು ಹುಡುಕಿ ಬಂದವರ ಕಾಲಪಟ್ಟಿಯನ್ನೂ ಬರೆದದ್ದು ಮಳೆಗಾಳಿಯೇ. ನೈಋತ್ಯದ ಗಾಳಿಯ ಕೊನೆಯಲ್ಲಿ ಏಡನ್‌ನಿಂದ ಹೊರಟ ಹಡಗು ಇಲ್ಲಿಗೆ ಬರುತ್ತಿತ್ತು, ಚಳಿಗಾಲದಲ್ಲಿ ಗಾಳಿ ತಿರುಗಿದಾಗ ಮರಳುತ್ತಿತ್ತು. ಗಾಳಿ ತಿರುಗುವವರೆಗೆ ಕಾಯಬೇಕಾಗಿದ್ದುದರಿಂದ ಪರದೇಶದ ವ್ಯಾಪಾರಿಗಳು ಬಂದರುಗಳಲ್ಲಿ ಮನೆ ಮಾಡಿದರು, ಕೆಲವರು ನೆಲೆಸಿಯೇಬಿಟ್ಟರು. ಟ್ಯುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದಲ್ಲಿ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದು, 1149ರಲ್ಲಿ ಏಡನ್‌ಗೆ ಮರಳಿದನು. ಕೈರೋದ ಸಿನಗಾಗ್ ಒಂದರಲ್ಲಿ ಉಳಿದುಬಂದ ಅವನ ಪತ್ರಗಳಿಂದ ಅವನಿಗೆ ಇಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ಇತ್ತೆಂದೂ, ಮೆಣಸು, ಅಡಿಕೆ, ಕಬ್ಬಿಣ ಕಳುಹಿಸಿ ಕಾಗದ, ಒಣದ್ರಾಕ್ಷಿ, ಸಕ್ಕರೆ ತರಿಸಿಕೊಳ್ಳುತ್ತಿದ್ದನೆಂದೂ ತಿಳಿಯುತ್ತದೆ. 1340ರ ದಶಕದಲ್ಲಿ ಬಂದ ಇಬ್ನ್ ಬತೂತಾ ಮಂಗಳೂರಿನಲ್ಲಿ ಪರ್ಷಿಯಾ ಮತ್ತು ಯೆಮೆನ್ ವ್ಯಾಪಾರಿಗಳನ್ನು ಕಂಡದ್ದನ್ನೂ, ಮೆಣಸು ಶುಂಠಿಗಳ ಹೇರಳವನ್ನೂ ಬರೆದಿದ್ದಾನೆ.

ಇತಿಹಾಸದ ಪ್ರಶ್ನೆಗಳಲ್ಲಿ ಮೆಣಸಿಗೆ ಸಿಗುವ ಪ್ರಾಶಸ್ತ್ಯ ಅಕ್ಕಿಗೆ ಸಿಗುವುದಿಲ್ಲ, ಅದು ಅನ್ಯಾಯ. ಮಳೆ ಬೆಳೆಸಿದ ಕೆನರಾದ ಅಕ್ಕಿಯನ್ನು ನಂಬಿಯೇ ಗೋವಾದ ಪೋರ್ಚುಗೀಸರು ಬದುಕುತ್ತಿದ್ದರು; ಮಸ್ಕತ್ತಿಗೂ ಅದು ಹೋಗುತ್ತಿತ್ತು. 1568–69ರಲ್ಲಿ ಅವರು ಮಂಗಳೂರು, ಬಸ್ರೂರು, ಹೊನ್ನಾವರಗಳಲ್ಲಿ ಕೋಟೆಗಳನ್ನು ಹಿಡಿದು ಕಟ್ಟಿದ್ದರ ಹಿಂದೆ ಈ ಅಕ್ಕಿಯ ಹಿಡಿತವೂ ಒಂದು ಉದ್ದೇಶ. 1665ರಲ್ಲಿ ಶಿವಾಜಿ ಕಡಲ ಮಾರ್ಗವಾಗಿ ಬಂದು ಬಸ್ರೂರನ್ನು ಲೂಟಿ ಮಾಡಿದ್ದು ಅದು ಅಷ್ಟು ಶ್ರೀಮಂತ ಬಂದರಾಗಿದ್ದ ಕಾರಣಕ್ಕೆ. ಈಗ ಬಸ್ರೂರನ್ನು ನೋಡಿದವರಿಗೆ ಇದನ್ನು ನಂಬಿಸುವುದು ಸುಲಭವಲ್ಲ.

ಎಲ್ಲವನ್ನೂ ಮಳೆಗೆ ಗಂಟುಹಾಕುವ ಆಸೆಗೂ ಮಿತಿಯಿರಬೇಕು. ಕೆನರಾ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯ ಬ್ಯಾಂಕ್ 1931ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದ್ದಕ್ಕೆ ಸ್ವದೇಶಿ ಚಳವಳಿ, ಸಮುದಾಯಗಳ ಸಂಘಟನೆ, ಶಿಕ್ಷಣ ಇವೇ ಕಾರಣಗಳು. ಮಳೆಯನ್ನು ಅಲ್ಲಿ ಎಳೆದು ತರುವುದು ಬರಿಯ ಚಮತ್ಕಾರವಾದೀತು.

ಪತ್ತನಾಜೆಯ ಈಚೆ ಆಚೆ

ಮನರಂಜನೆಯ ಸುತ್ತಿನಲ್ಲಿ ಮಳೆಯ ಅಧಿಕಾರ ಪೂರ್ತಿ. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯಂದು ದೈವಗಳ ಕೋಲ, ನೇಮ, ಯಕ್ಷಗಾನದ ಆಟ ಎಲ್ಲವೂ ನಿಲ್ಲುತ್ತವೆ. ಮಳೆ ಹಿಡಿಯಲು ಆಗ ಹತ್ತು ಹನ್ನೆರಡು ದಿನಗಳಷ್ಟೇ ಬಾಕಿ.

ಕಂಬಳದ ಋತು ನವೆಂಬರ್‌ನಿಂದ ಮಾರ್ಚ್, ಏಪ್ರಿಲ್‌ವರೆಗೆ. ಮೂಲತಃ ಅದು ಬೆಳೆ ಕೊಯ್ದ, ಇನ್ನೂ ನೀರಿರುವ ಗದ್ದೆಯ ಆಟ. ಕನೆಹಲಗೆ ವಿಭಾಗದಲ್ಲಿ ಓಟದ ವೇಗಕ್ಕೆ ಬೆಲೆಯಿಲ್ಲ, ಹಲಗೆಯಿಂದ ಚಿಮ್ಮಿದ ನೀರು ಎಷ್ಟು ಎತ್ತರದ ನಿಶಾನೆಗೆ ಹಾಯಿತೆಂಬುದೇ ಮುಖ್ಯ. 2020ರಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, 100 ಮೀಟರಿಗೆ 9.55 ಸೆಕೆಂಡ್ ಎಂದು ಲೆಕ್ಕಹಾಕಿ ಉಸೇನ್ ಬೋಲ್ಟ್‌ನ 9.58ರ ದಾಖಲೆಯನ್ನು ಮೀರಿಸಿದರೆಂದು ದೇಶವೆಲ್ಲ ಕೊಂಡಾಡಿತು. ಕಂಬಳದ ಓಟಗಾರ ಕೋಣಗಳನ್ನು ಹಿಡಿದುಕೊಂಡು ಓಡುತ್ತಾನೆ, ಕೋಣಗಳ ಎಳೆತ ಅವನ ವೇಗದ ಒಂದು ಭಾಗ; ಬೋಲ್ಟ್‌ನನ್ನು ಎಳೆಯುವವರು ಯಾರೂ ಇರಲಿಲ್ಲ. ಕೆಸರಿನಲ್ಲಿ ಬೀಳದೆ ಆ ವೇಗಕ್ಕೆ ಹೊಂದಿಕೊಳ್ಳುವುದು ಬೇರೆಯೇ ಬಗೆಯ ಕೌಶಲ, ಅದನ್ನು ಅದರದೇ ಅಳತೆಯಲ್ಲಿ ಮೆಚ್ಚಬೇಕು.

ಯಕ್ಷಗಾನದ ತಿರುಗಾಟವೂ ಹಾಗೆಯೇ ದೀಪಾವಳಿಯ ಬಳಿಕ ಆರಂಭವಾಗುತ್ತದೆ. ಬಯಲಾಟಕ್ಕೆ ರಂಗಸ್ಥಳ ಹಾಕಲು ಕೊಯ್ದ ಗದ್ದೆ ಬೇಕು, ರಾತ್ರಿಯಿಡೀ ಕೂರಲು ಒಣನೆಲ ಬೇಕು. ಚೆಂಡೆ, ಮದ್ದಳೆಗಳ ಚರ್ಮ ತೇವ ಹೀರಿದರೆ ಬಿಗುವು ಕಳೆದು ಶ್ರುತಿ ಇಳಿಯುತ್ತದೆ. ಹಾಗೆಂದು ಮಳೆಗಾಲದಲ್ಲಿ ಕಲೆ ಪೂರ್ತಿ ಸುಮ್ಮನಾಗುವುದಿಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಮಾಡಿನ ಕೆಳಗೆ ಕುಳಿತು ಮಾತಿನಿಂದಲೇ ಪ್ರಸಂಗ ನಡೆಸುವ ತಾಳಮದ್ದಳೆಗೆ ಆಟಿ, ಸೋಣ ತಿಂಗಳುಗಳೇ ಸುಗ್ಗಿ. ಅರ್ಥಧಾರಿಗಳು ಕರ್ಣನ ಪರವಾಗಿಯೂ ಕೃಷ್ಣನ ಪರವಾಗಿಯೂ ಗಂಟೆಗಟ್ಟಲೆ ವಾದಿಸುವ ಈ ಪ್ರಕಾರಕ್ಕೆ ಬೇಕಾದ್ದು ಒಬ್ಬ ಭಾಗವತ, ಹಿಮ್ಮೇಳ, ಕೆಲವು ಕುರ್ಚಿ ಮತ್ತು ಬಿಡುವಿರುವ ಪ್ರೇಕ್ಷಕರು. ಎರಡು ಮೂರು ವೇಷಗಳ ಚಿಕ್ಕಮೇಳಗಳು ಸಂಜೆಯ ಹೊತ್ತು ಮನೆ ಮನೆಗೆ ಹೋಗಿ ಹತ್ತು ನಿಮಿಷದ ಆಟ ತೋರಿಸುತ್ತವೆ. ಕಲಾವಿದರು ತಂಡ ಕಟ್ಟಿಕೊಂಡು ಸಭಾಂಗಣಗಳಿರುವ ಬೆಂಗಳೂರು, ಮುಂಬಯಿಗಳಿಗೆ ಹೋಗಿ ಟಿಕೆಟಿನ ಪ್ರದರ್ಶನ ನೀಡುವುದೂ ಈ ತಿಂಗಳುಗಳಲ್ಲಿಯೇ, ಏಕೆಂದರೆ ನವೆಂಬರ್ ಬಂದರೆ ಅವರಿಗೆ ಹರಕೆ ಆಟಗಳಿಂದ ಒಂದು ರಾತ್ರಿಯೂ ಬಿಡುವು ಸಿಗುವುದಿಲ್ಲ.